ಮುತ್ತಾತನ ಗಿಳಿ ಕುರ್ಚಿ

ನಮ್ಮ ಮನೆಗೆ ಯಾರು ಬಂದರೂ ಗಿಳಿ ಕುರ್ಚಿಯಲ್ಲೇ ಕೂರಬೇಕು. ಚಾಮರಾಜನಗರಕ್ಕೆ ಬಂದರೆ ನೀವು ನಮ್ಮಲ್ಲಿಗೂ ಬರುವವರೇ ತಾನೆ, ಅದಕ್ಕೆ ಮುಂಚಿತವಾಗಿ ಹೇಳಿಬಿಡುತ್ತೇನೆ. ನಡುಮನೆಯಲ್ಲಿ ಸೋಫಾ ಇದೆ, ಪ್ಲಾಸ್ಟಿಕ್ ಕುರ್ಚಿಗಳೂ ಇವೆ. ಆದರೆ ಅವುಗಳ ಕಡೆ ಹೆಜ್ಜೆ ಇಟ್ಟಿರೋ, ನಮ್ಮ ಗೌರತ್ತೆ ಎದ್ದು ಬಂದು ತೋಳು ಹಿಡಿದು ನಿಮ್ಮನ್ನು ಗಿಳಿ ಕುರ್ಚಿಗೆ ತಂದು ಕೂರಿಸುತ್ತಾರೆ. ಬೀಟೆ ಮರದ ಕುರ್ಚಿ. ಎರಡು ಕೈಗಳ ತುದಿಯಲ್ಲೂ ಒಂದೊಂದು ಗಿಳಿ. ಬಲಗಡೆಯ ಗಿಳಿಗೆ ಕೊಕ್ಕಿಲ್ಲ. ಅದನ್ನು ಮುರಿದವನು ತಮ್ಮ ಮಹೇಶ ಎಂದು ನಾನು, ಅಲ್ಲ, ಅಕ್ಕನೇ ಎಂದು ಅವನು, ಇಬ್ಬರಿಗೂ ತಲೆ ಬೆಳ್ಳಗಾದರೂ ಜಗಳ ಮುಗಿದಿಲ್ಲ.

ಅದರಲ್ಲಿ ಕೂತು ಸುಖಪಟ್ಟವರು ಯಾರೂ ಇಲ್ಲ ಎನ್ನುವುದೂ ನಿಜವೇ. ಬೆನ್ನಿನ ಒರಗು ನೆಟ್ಟಗೆ ಗೋಡೆ ನಿಂತ ಹಾಗೆ ನಿಂತಿದೆ. ಕೂತವರು ತಾವಾಗಿಯೇ ಬೆನ್ನು ಸೆಟೆಸಿ, ಎರಡು ಗಿಳಿಗಳ ತಲೆ ಮೇಲೂ ಕೈಯಿಟ್ಟು, ಯಾರೋ ಅಪ್ಪಣೆ ಕೊಟ್ಟ ಹಾಗೆ ಗಂಭೀರವಾಗಿಬಿಡುತ್ತಾರೆ. ಒರಗಿನಲ್ಲಿ ಎದೆಮಟ್ಟಕ್ಕೆ ಎರಡು ತೂತುಗಳಿವೆ, ಮೇಲೆ ತಲೆಯ ಹಿಂದೆ ಬಾಗಿದ ಒಂದು ಕಬ್ಬಿಣದ ಕೊಕ್ಕೆ. ಚಿಕ್ಕಂದಿನಲ್ಲಿ ಆ ತೂತುಗಳಿಗೆ ಬಳಪ ತುರುಕುವುದು ನಮಗೆ ಆಟ. ಸಿಕ್ಕಿಬಿದ್ದರೆ ಗೌರತ್ತೆಯಿಂದ ಏಟು, ಏಟಿನ ಜೊತೆಗೆ ಮನೆತನದ ಇತಿಹಾಸ. ಈ ಕುರ್ಚಿಯಲ್ಲಿ ಮಹಾರಾಜರು ಕೂತಿದ್ದರಂತೆ. ಆ ಕೊಕ್ಕೆ, ತೂತುಗಳೆಲ್ಲ ಅವರ ಛತ್ರಿಯನ್ನು ಕಟ್ಟಿ ನಿಲ್ಲಿಸುವುದಕ್ಕಂತೆ. ಹಾಗೆ ಅವರನ್ನು ಕೂರಿಸಿ ಪಟ ತೆಗೆದವರು ನಮ್ಮ ಮುತ್ತಾತ ನಂಜುಂಡಯ್ಯನವರಂತೆ. ಯಾವ ಮಹಾರಾಜರು ಎಂದು ಕೇಳಿದರೆ 'ಆಗಿನವರು' ಎಂಬ ಉತ್ತರ ಸಿಗುತ್ತಿತ್ತು.

ಮುತ್ತಾತ ಫೋಟೋಗ್ರಾಫರಾಗಿದ್ದದ್ದು ಮಾತ್ರ ಕಟ್ಟುಕತೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಈ ಕಡೆಯ ಜನ ಕ್ಯಾಮೆರಾ ಎಂಬ ಹೆಸರನ್ನೇ ಕೇಳಿರದಿದ್ದಾಗ, ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ, ಗಾಜು, ಕಪ್ಪು ಬಟ್ಟೆ ಹೇರಿಕೊಂಡು ಊರೂರು ತಿರುಗುತ್ತಿದ್ದರು. ಇವತ್ತಿಗೂ ಹಳಬರು ನಮ್ಮನ್ನು 'ಪಟದ ಮನೆಯವರು' ಎಂದೇ ಕರೆಯುವುದು. ನಾನಂತೂ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವಾಗ ಮೈಸೂರು ಅರಸರ ಅಧ್ಯಾಯ ಬಂದರೆ ಸಾಕು, ಮುತ್ತಾತನನ್ನೂ ಛತ್ರಿಯನ್ನೂ ಒಳಗೆ ತಂದುಬಿಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಪ್ರತಿವರ್ಷವೂ ಕೇಳುತ್ತಿದ್ದಳು, ಆ ಪಟ ಈಗ ಎಲ್ಲಿದೆ ಮಿಸ್ ಎಂದು. ವರ್ಷಕ್ಕೊಬ್ಬಳು ಹುಡುಗಿ, ಆದರೆ ಪ್ರಶ್ನೆ ಅದೇ. ನಾನು ಹೋಮ್‌ವರ್ಕ್ ತೋರಿಸು ಎಂದು ಗದರಿ ಮುಂದೆ ಹೋಗುತ್ತಿದ್ದೆ.

ಪಟ ಎಲ್ಲಿಯೂ ಇರಲಿಲ್ಲ. ಮಹಾರಾಜರದು ಹಾಗಿರಲಿ, ಮುತ್ತಾತ ತೆಗೆದ ಒಂದೇ ಒಂದು ಪಟವೂ ನಮ್ಮಲ್ಲಿ ಉಳಿದಿರಲಿಲ್ಲ. ಅವರದೇ ಪಟವಂತೂ ಇಲ್ಲವೇ ಇಲ್ಲ. ಇದರ ಸಂಕಟ ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಹಿರಿಯರಿಗೆ ಎಡೆ ಇಡುವಾಗ ಎದ್ದು ಬರುತ್ತಿತ್ತು. ನಮ್ಮ ತಾತ, ಅಜ್ಜಿ, ಅಪ್ಪ, ಅಮ್ಮ ಎಲ್ಲರ ಫೋಟೋಗಳೂ ಗೋಡೆಯಿಂದ ಇಳಿದು, ಒರೆಸಿಕೊಂಡು, ಹೂ ಮುಡಿದು ಸಾಲಾಗಿ ಕೂರುತ್ತವೆ. ಸಾಲಿನ ತುದಿಯಲ್ಲಿ ಮುತ್ತಾತನ ಜಾಗಕ್ಕೆ ಮಾತ್ರ ಒಂದು ಮಡಿಸಿದ ಪಂಚೆ. ಗೌರತ್ತೆ ಆ ಪಂಚೆಯ ಮುಂದೆ ಬಂದಾಗ ಬಡಿಸುವ ಕೈ ತಡೆಯುತ್ತಿತ್ತು.

ಗೌರತ್ತೆ ನನ್ನ ಅಪ್ಪನ ತಂಗಿ. ಎಂಬತ್ತು ದಾಟಿದ ಮೇಲೆ ವಯಸ್ಸು ಲೆಕ್ಕ ಹಾಕುವುದನ್ನು ಬಿಟ್ಟಿದ್ದಾರೆ. ನಮಗೆ ಮುತ್ತಾತನಾದವರು ಅವರಿಗೆ ತಾತ. ಆದರೆ ಅವರು ಹುಟ್ಟುವ ಹೊತ್ತಿಗೆ ತಾತ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಹೋದ ವರ್ಷದ ಎಡೆ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ನೀನು ರಿಟೈರಾಗಿ ಸುಮ್ಕೆ ಕೂತಿದೀಯ. ನಮ್ ತಾತನ ಮೊಖ ಎಲ್ಲಾದ್ರೂ ಸಿಕ್ತದಾ ನೋಡೆ. ನಾಳೆ ನಾನೂ ಮ್ಯಾಲಕ್ಕೋಗ್ತೀನಿ. ಅಲ್ಲಿ ಅಪ್ಪ ಅವ್ವನ್ನ ಗುರ್ತಿಡೀತೀನಿ, ನಿಮ್ಮಪ್ಪನ್ನ ಗುರ್ತಿಡೀತೀನಿ. ಈ ಮನೆಗೆ ಹೆಸರು ತಂದೋನು ಎದುರಿಗೇ ನಿಂತಿದ್ರೂ ಯಾರೋ ಅಂತ ಪಕ್ಕದಲ್ಲಿ ಓಗ್ಬುಡ್ತೀನಲ್ಲ."

ಇದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಮುಖ ನೋಡಿದರೆ ನಗು ಬರುವಂತಿರಲಿಲ್ಲ. ಮುಂದಿನ ವರ್ಷದ ಅಮಾವಾಸ್ಯೆಯೊಳಗೆ ಹುಡುಕಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಇತಿಹಾಸ ಪಾಠ ಮಾಡುವುದು ಬೇರೆ, ಇತಿಹಾಸ ಹುಡುಕುವುದು ಬೇರೆ ಎಂದು ನನಗೆ ತಿಳಿದದ್ದು ಆಮೇಲೆ. ಮೊದಲು ನೆಂಟರಿಂದ ಶುರುಮಾಡಿದೆ. ಮೈಸೂರಿನ ಒಬ್ಬ ದೊಡ್ಡಪ್ಪ ಮುತ್ತಾತ ಮದರಾಸಿಗೆ ಹೋಗಿ ವಿದ್ಯೆ ಕಲಿತರು ಎಂದರು. ನಂಜನಗೂಡಿನ ಚಿಕ್ಕಮ್ಮ ಇಲ್ಲ, ಯಾವನೋ ಬಿಳಿ ದೊರೆಯ ಬಳಿ ಪೆಟ್ಟಿಗೆ ಹೊರುತ್ತ ಕಲಿತದ್ದು ಎಂದರು. ಇಬ್ಬರೂ ಕಣ್ಣಾರೆ ಕಂಡವರಂತೆ ಹೇಳಿದರು. ಅವರ ಕ್ಯಾಮೆರಾ ಪೆಟ್ಟಿಗೆ ಏನಾಯಿತು ಎಂಬುದಕ್ಕೆ ಮಾತ್ರ ಒಮ್ಮತವಿತ್ತು. ನಮ್ಮಜ್ಜಿ ಅದರಲ್ಲಿ ಬಹಳ ಕಾಲ ಹುಣಸೆಹಣ್ಣು ಇಡುತ್ತಿದ್ದರಂತೆ. ಒಳಗೆ ಬೆಳಕು ಹೋಗದ ಪೆಟ್ಟಿಗೆಯಾದ್ದರಿಂದ ಹಣ್ಣು ಕೆಡುತ್ತಿರಲಿಲ್ಲವಂತೆ.

ನೆಂಟರು ಮುಗಿದ ಮೇಲೆ ಗೋಡೆಗಳಿಗೆ ಕೈ ಹಾಕಿದೆ. ಮುತ್ತಾತ ಈ ಸೀಮೆಯಲ್ಲೇ ತಿರುಗಿದವರು, ಅವರು ತೆಗೆದದ್ದು ಯಾರದಾದರೂ ಮನೆಯ ಗೋಡೆಯ ಮೇಲೆ ಇರಲೇಬೇಕು. ಒಂದು ಪಟ ಸಿಕ್ಕರೆ ಆ ಮನೆಯವರಿಗೆ ಒಂದು ಕತೆ ಗೊತ್ತಿರುತ್ತದೆ, ಕತೆಯ ಬಾಲ ಹಿಡಿದು ಹೋದರೆ ಮುತ್ತಾತ ಸಿಗುತ್ತಾರೆ, ಇದು ನನ್ನ ಲೆಕ್ಕಾಚಾರ. ಅಲ್ಲಿಂದ ನನಗೊಂದು ಕೆಟ್ಟ ಅಭ್ಯಾಸ ಹತ್ತಿತು. ಯಾರ ಮನೆಗೆ ಹೋದರೂ ಅವರ ಮುಖ ನೋಡುವ ಮೊದಲು ಗೋಡೆ ನೋಡುವುದು. ಗೃಹಪ್ರವೇಶಕ್ಕೆ ಹೋದರೂ ಗೋಡೆ, ಸಾವಿನ ಮನೆಗೆ ಹೋದರೂ ಗೋಡೆ. ಚಂದಕವಾಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ನಾನು ಗೋಡೆಯಿಂದ ಗೋಡೆಗೆ ಕತ್ತೆತ್ತಿಕೊಂಡು ಹೋಗುತ್ತಿದ್ದುದನ್ನು ನೋಡಿ ಅವಳ ತಾಯಿ, ಮೇಡಮ್ಮು ಹೆಣ್ಣು ಕೇಳೋಕೆ ಮುಂಚೆ ಮನೆ ನೋಡ್ತಾವ್ರೆ ಎಂದು ತಿಳಿದು ಒಳಗೆ ಓಡಿ ಉಪ್ಪಿಟ್ಟು ಮಾಡಿದರು. ಉಪ್ಪಿಟ್ಟು ತಿಂದೆ. ಆ ಗೋಡೆಯ ಮೇಲೆ ಒಬ್ಬ ಮುದುಕಿಯ ತುಂಬ ಹಳೆಯ ಪಟವೊಂದಿತ್ತು, ಕೂತ ಕುರ್ಚಿಯೂ ಕಾಣದಂತೆ ಮೈತುಂಬ ಸೀರೆ ಹೊದ್ದದ್ದು. ತೆಗೆದವರು ಯಾರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೋಡಿ ಬಂದೆ, ಅಷ್ಟೆ.

ಗುಂಡ್ಲುಪೇಟೆಯಲ್ಲಿ ಅನ್ವರ್ ಭಾಯಿಯ ಅಂಗಡಿಯಿದೆ. ಫೋಟೋಗಳಿಗೆ ಕಟ್ಟು ಹಾಕುವುದು ಅವರ ಮನೆತನದ ಕೆಲಸ. ಅಂಗಡಿಯಲ್ಲಿ ದೇವರು, ಮಠಾಧೀಶರು, ರಾಜಕಾರಣಿಗಳು, ಮದುವೆ ಜೋಡಿಗಳು ಎಲ್ಲರೂ ಒಟ್ಟಿಗೆ ನೆಲದ ಮೇಲೆ ಗೋಡೆಗೊರಗಿ ಕೂತಿರುತ್ತಾರೆ. ಹಳೆಯ ಪಟ ಯಾವುದಾದರೂ ಬಂದರೆ ಹೇಳಿ ಎಂದು ಅವರಿಗೆ ನನ್ನ ನಂಬರು ಕೊಟ್ಟಿದ್ದೆ. ಈ ವರ್ಷ ಬೇಸಿಗೆ ಕಳೆದ ಮೇಲೆ ಅವರಿಂದ ಫೋನು ಬಂತು. ಹಂಗಳದಿಂದ ಒಂದು ಪಟ ಬಂದಿದೆ, ಹಿಂದಿನ ಹಲಗೆಗೆ ಗೆದ್ದಲು ಹತ್ತಿದೆ, ತುಂಬ ಹಳೆಯದು ಎಂದರು. ಹೋದೆ. ಭಾಯಿ ಸುತ್ತಿದ್ದ ಪೇಪರು ಬಿಚ್ಚಿದರು.

ರುಮಾಲು ಸುತ್ತಿದ, ಗಿರಿಜಾ ಮೀಸೆಯ ಯಜಮಾನರೊಬ್ಬರು ನೆಟ್ಟಗೆ ಕೂತಿದ್ದರು. ಎರಡೂ ಕೈಗಳು ಗಿಳಿಗಳ ಮೇಲಿದ್ದವು. ಬಲಗಡೆಯ ಗಿಳಿಗೆ ಕೊಕ್ಕಿರಲಿಲ್ಲ.

ಅಂಗಡಿಯಲ್ಲೇ ನಿಂತು ಮೊದಲು ಮಹೇಶನಿಗೆ ಫೋನು ಮಾಡಿ, ನಾವಿಬ್ಬರೂ ಹುಟ್ಟುವುದಕ್ಕೆ ಮುಂಚೆಯೇ ಕೊಕ್ಕು ಮುರಿದಿತ್ತು ಕಣೋ ಎಂದು ಹೇಳಿದೆ. ಅವನು, ಇರಬಹುದು, ಆದರೂ ಇನ್ನಷ್ಟು ಮುರಿದವಳು ನೀನು ಎಂದ. ಪಟದಲ್ಲಿದ್ದವರು ಮಹಾರಾಜರಲ್ಲ ಎಂಬುದು ರುಮಾಲಿನಿಂದಲೇ ತಿಳಿಯುತ್ತಿತ್ತು. ಇರಲಿ, ಯಾವುದೋ ದೊಡ್ಡ ಪಟೇಲರಿರಬೇಕು, ಮಹಾರಾಜರು ಕೂತ ಕುರ್ಚಿಯಲ್ಲಿ ಯಾರ್ಯಾರನ್ನೋ ಕೂರಿಸುತ್ತಾರೆಯೇ ಎಂದುಕೊಂಡೆ. ಅನ್ವರ್ ಭಾಯಿ ಹೊಸ ಕಟ್ಟು ಹಾಕಿ, ನಿಮಗೂ ಒಂದು ಇರಲಿ ಎಂದು ಕಾಪಿ ತೆಗೆಸಿಕೊಡುವ ಮಾತಾಡಿ, ಹಂಗಳದವರಿಗೆ ಫೋನಿನಲ್ಲಿ ನನ್ನ ವಿಷಯ ತಿಳಿಸಿ, ಹೇಗೂ ಹೋಗುತ್ತೀರಲ್ಲ ಎಂದು ಪಟವನ್ನು ನನ್ನ ಕೈಯಲ್ಲೇ ಕೊಟ್ಟು ಕಳಿಸಿದರು. ಯಜಮಾನರನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಂಗಳದ ಬಸ್ಸು ಹತ್ತಿದೆ. ಕಂಡಕ್ಟರು ಪೇಪರಿನ ಸಂದಿಯಿಂದ ಇಣುಕಿ, ನಿಮಗೆ ಫ್ರೀ, ಅಜ್ಜನಿಗೆ ಟಿಕೆಟ್ ತಗೊಬೇಕಾಯ್ತದೆ ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಆವತ್ತು ನನಗೆ ಯಾರು ಏನಂದರೂ ನಗು ಬರುವಂತಿತ್ತು.

ಹಂಗಳದ ಆ ಮನೆಯ ಹಿರಿಯಾಕೆ ಚಿಕ್ಕತಾಯಮ್ಮ. ಗೌರತ್ತೆಗಿಂತ ಸ್ವಲ್ಪ ಚಿಕ್ಕವರಿರಬಹುದು. ಪಟವನ್ನು ಇಸಿದುಕೊಂಡು, ಸೆರಗಿನಿಂದ ಗಾಜು ಒರೆಸಿ, ಇವರು ದೊಡ್ಡಮಾದಪ್ಪ, ನಮ್ಮೆಜಮಾನರ ತಾತ ಎಂದು ಪರಿಚಯ ಮಾಡಿಸಿದರು. ನಾನು ಜಗಲಿಯ ಮೇಲೆ ಕೂತು ಮುತ್ತಾತನ ಕತೆ, ಕುರ್ಚಿಯ ಕತೆ, ಛತ್ರಿಯ ಕತೆ ಎಲ್ಲವನ್ನೂ ಪಾಠ ಮಾಡುವ ದನಿಯಲ್ಲೇ ಹೇಳಿದೆ. ಅಂಥ ಕುರ್ಚಿಯಲ್ಲಿ ಕೂರಿಸಬೇಕಾದರೆ ನಿಮ್ಮ ದೊಡ್ಡಮಾದಪ್ಪನವರು ಎಷ್ಟು ದೊಡ್ಡ ಮನುಷ್ಯರಾಗಿದ್ದರೋ ಎಂದೂ ಸೇರಿಸಿದೆ. ಆಕೆ ಎಲ್ಲವನ್ನೂ ಕೇಳಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕಡೆಗೆ ಸರಿಸಿಕೊಂಡರು.

"ಸತ್ ಮ್ಯಾಲೆ ಕೂರ್ಸಿದ್ದು ಕಣವ್ವ. ಬದ್ಕಿದ್ದೋರು ಯಾರು ಆ ಕುರ್ಚಿ ಅತ್ತಿರ ಓದಾರು?"

ಆಮೇಲೆ ಆಕೆ ಹೇಳಿದ್ದು ಇಷ್ಟು. ಆಗಿನ ಕಾಲದಲ್ಲಿ ಪಟ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಜನ ಹೆದರುತ್ತಿದ್ದರು. ಪಟದ ನಂಜುಂಡಯ್ಯನವರ ಗಾಡಿ ಊರೊಳಗೆ ಬಂದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಆದರೆ ಮನೆಯ ಹಿರಿಯರು ಸತ್ತಾಗ ಅದೇ ಜನ, ಇನ್ನು ಆಯಸ್ಸಿನ ಭಯವಿಲ್ಲವಲ್ಲ, ನಂಜುಂಡಯ್ಯನವರನ್ನು ಕರೆತರಲು ಆಳು ಓಡಿಸುತ್ತಿದ್ದರು. ಅವರು ಬಂದು ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿ, ಸತ್ತವರನ್ನು ಕೂರಿಸಿ, ಎದೆಗೆ ಸುತ್ತಿದ ಬಟ್ಟೆಯನ್ನು ಒರಗಿನ ತೂತುಗಳಿಂದ ಹಿಂದಕ್ಕೆ ಎಳೆದು ಕಟ್ಟಿ, ತಲೆ ವಾಲದಂತೆ ರುಮಾಲನ್ನು ಕೊಕ್ಕೆಗೆ ಸಿಕ್ಕಿಸಿ, ಮೇಲೆ ಶಾಲು ಹೊದಿಸುತ್ತಿದ್ದರು. ಮೀಸೆಯನ್ನು ತಾವೇ ತೀಡುತ್ತಿದ್ದರು. ಎಲ್ಲ ಆದ ಮೇಲೆ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಅಲ್ಲಾಡಬೇಡಿ ಎಂದು ಸತ್ತವರಿಗೆ ಮರ್ಯಾದೆಯಿಂದ ಹೇಳುತ್ತಿದ್ದರಂತೆ.

ಮಹಾರಾಜರು ಎದ್ದು ಹೋದರು, ಛತ್ರಿಯೂ ಹೋಯಿತು. ನಾನು ಮಗ್ಗಿ ಬಾಯಿಪಾಠ ಮಾಡಿದ್ದು ಆ ಕುರ್ಚಿಯಲ್ಲಿ. ಮಹೇಶನಿಗೆ ಮದುವೆಯ ಅರಿಶಿನ ಹಚ್ಚಿದ್ದು ಅದರಲ್ಲಿ. ನನ್ನನ್ನು ನೋಡಲು ಬಂದ ನಮ್ಮೆಜಮಾನರನ್ನೂ ಅದರಲ್ಲೇ ಕೂರಿಸಿದ್ದು. ಅವರು ಅಷ್ಟೊಂದು ನಿಶ್ಚಲವಾಗಿ ಕೂತಿದ್ದನ್ನು ನೋಡಿ ನಮ್ಮಮ್ಮ, ಹುಡುಗ ಬಲು ಗಂಭೀರ ಎಂದು ಮೆಚ್ಚಿಕೊಂಡಿದ್ದರು. ಇಷ್ಟು ವರ್ಷ ತರಗತಿಯಲ್ಲಿ ಕೊಚ್ಚಿಕೊಂಡದ್ದೆಲ್ಲ ನೆನಪಾಗಿ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು. ಗೌರತ್ತೆಗೆ ಏನು ಹೇಳುವುದು? ಮುಖ ಹುಡುಕಿಕೊಂಡು ಬಾ ಎಂದರೆ ಹೆಣದ ಕುರ್ಚಿಯ ಸುದ್ದಿ ಹೊತ್ತುಕೊಂಡು ಹೋಗುವುದೇ?

ಚಿಕ್ಕತಾಯಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ನನಗೆ ಕಾಫಿ ಕೊಟ್ಟು, ಪಟವನ್ನು ನನ್ನ ಕಡೆಗೆ ತಿರುಗಿಸಿ, ಕಣ್ಣು ನೋಡು ಎಂದರು. ಸತ್ತವರ ಕಣ್ಣು ಮುಚ್ಚಿರುತ್ತದಲ್ಲ, ಇವರದು ತೆರೆದಿದೆ. ನಂಜುಂಡಯ್ಯನವರು ಪಟವನ್ನು ಮನೆಗೆ ಒಯ್ದು, ಕುಂಚದಲ್ಲಿ ಕಣ್ಣು ಬರೆದು, ತಿಥಿಯ ಹೊತ್ತಿಗೆ ತಂದುಕೊಡುತ್ತಿದ್ದರಂತೆ. ದೊಡ್ಡಮಾದಪ್ಪನವರ ಪಟ ಬಂದಾಗ ಅವರ ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಂಡು ಊಟಕ್ಕೂ ಏಳಲಿಲ್ಲವಂತೆ. ಆಕೆ ಅಂದ ಮಾತು ಸೊಸೆಗೆ, ಆ ಸೊಸೆಯಿಂದ ಚಿಕ್ಕತಾಯಮ್ಮನಿಗೆ ಬಂದಿತ್ತು.

"ಬದ್ಕಿರೋಗಂಟ ನನ್ ಗಂಡ ಒಂದ್ ದಿನನೂ ನನ್ನ ಇಂಗೆ ನೋಡ್ನಿಲ್ಲ, ಈಗ ನೋಡ್ತಾವ್ನೆ ಅಂದ್ರಂತೆ. ಆಮ್ಯಾಕೆ ಸಾಯೋಗಂಟ ಆವಮ್ಮ ದಿನಾ ಪಟಕ್ಕೆ ಯೋಳ್ಬುಟ್ಟೇ ಮಲಗ್ತಿದ್ದುದ್ದಂತೆ."

ನಾನು ಪಟ ನೋಡಿದೆ. ಮೀಸೆ ಒರಟು, ದವಡೆ ಒರಟು. ಕಣ್ಣು ಮಾತ್ರ ಬೇರೆ ಯಾರದೋ ಮೆದುವಾದ ಕಣ್ಣು. ಎದುರಿಗೆ ಕೂತವರ ಮಾತು ಕೇಳಿಸಿಕೊಳ್ಳುವ ಹಾಗಿತ್ತು. ನನ್ನ ಕೈಯಿಂದ ಲೋಟ ತೆಗೆದುಕೊಳ್ಳಲು ಬಗ್ಗಿದ ಚಿಕ್ಕತಾಯಮ್ಮ ಒಮ್ಮೆ ಪಟವನ್ನು, ಒಮ್ಮೆ ನನ್ನನ್ನು ನೋಡಿದರು.

"ಅಲ್ಲ ಕಣವ್ವ, ನಿನ್ ಕಣ್ಣೂ ಇಂಗೇ ಅವಲ್ಲ."

ನಮ್ಮ ಮನೆಯವರಿಗೆಲ್ಲ ಒಂದು ಕಣ್ಣು ಸ್ವಲ್ಪ ಸಣ್ಣದು. ಎಡಗಣ್ಣು. ಅಪ್ಪನಿಗಿತ್ತು, ಗೌರತ್ತೆಗಿದೆ, ನನಗೂ ಇದೆ. ಮಹೇಶ ಧೂಳಿನ ನೆಪ ಹೇಳಿ ಮೋಡ ಕವಿದ ದಿನವೂ ಕಪ್ಪು ಕನ್ನಡಕ ಹಾಕಿಕೊಂಡು ಸ್ಕೂಟರಿನಲ್ಲಿ ಓಡಾಡುತ್ತಾನೆ. ಶಾಲೆಯಲ್ಲಿ ನನಗೆ ಅದರಿಂದ ಅಡ್ಡಹೆಸರುಗಳೇನೂ ಕಡಿಮೆ ಇರಲಿಲ್ಲ. ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯ ಹೆಂಗಸೊಬ್ಬರು, ಹುಡುಗಿ ಕಣ್ಣು ಹೊಡೀತಾಳಾ ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೇ ಬಿದ್ದಿತ್ತು. ಪಟದಲ್ಲೂ ಒಂದು ಕಣ್ಣು ಸಣ್ಣದಿತ್ತು. ಆದರೆ ಅದು ಬಲಗಣ್ಣು.

ಜಗಲಿಯ ಕಂಬಕ್ಕೆ ತಲೆ ಬಾಚಿಕೊಳ್ಳುವ ಕನ್ನಡಿಯೊಂದನ್ನು ಮೊಳೆಗೆ ಸಿಕ್ಕಿಸಿದ್ದರು. ಏನು ತೋಚಿತೋ, ಪಟವನ್ನು ಎತ್ತಿಕೊಂಡು ಹೋಗಿ ಆ ಕನ್ನಡಿಯ ಪಕ್ಕಕ್ಕೆ ಹಿಡಿದೆ. ಕನ್ನಡಿಯೊಳಗಿನ ನಾನೂ ಪಟದೊಳಗಿನ ದೊಡ್ಡಮಾದಪ್ಪನವರೂ ಒಂದೇ ಕಡೆಯ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದೆವು. ಕನ್ನಡಿಯಲ್ಲಿ ನೋಡಿ ಬರೆದರೆ ಎಡ ಬಲ ಅದಲುಬದಲಾಗುತ್ತದಲ್ಲ. ಸತ್ತವರ ಕಣ್ಣು ಹೇಗಿತ್ತೆಂದು ಮುತ್ತಾತನಿಗೆ ಗೊತ್ತಿರಲಿಲ್ಲ. ನೋಡಿ ಬರೆಯಲು ಯಾವುದಾದರೂ ಕಣ್ಣು ಬೇಕು, ಬದುಕಿದ್ದವರು ಯಾರೂ ಅವರ ಎದುರಿಗೆ ಕೂರುತ್ತಿರಲಿಲ್ಲ. ಅದಕ್ಕೇ ಕನ್ನಡಿ ಮುಂದಿಟ್ಟುಕೊಂಡು ತಮ್ಮ ಕಣ್ಣನ್ನೇ ನೋಡಿ ನೋಡಿ ಬರೆದಿದ್ದಾರೆ. ಆ ಮನೆಯ ಜಗಲಿಯಲ್ಲಿ ನಿಂತು ಅತ್ತುಬಿಟ್ಟೆ. ಚಿಕ್ಕತಾಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆ ಬೇಸರಿಸಲಿಲ್ಲ, ಅಂಗಾದ್ರೆ ನೀವು ನಮ್ಮೋರೇ ಆದ್ರಿ ಬುಡಿ ಎಂದರು.

ಮಾರನೆಯ ದಿನವೇ ಚಂದಕವಾಡಿಗೆ ಹೋದೆ. ಸೀರೆ ಹೊದ್ದ ಮುದುಕಿಗೂ ಬಲಗಣ್ಣು ಸಣ್ಣದಿತ್ತು. ಹೋದ ಸಲ ಗೋಡೆಗಳನ್ನೆಲ್ಲ ಸುತ್ತಿದ ನಾನು ಆಕೆಯ ಕಣ್ಣನ್ನೇ ನೋಡಿರಲಿಲ್ಲ. ಆ ತಾಯಿ ಮತ್ತೆ ಉಪ್ಪಿಟ್ಟಿಗೆ ಎದ್ದರು. ಬೇಡವೆಂದು ಹೇಳಿ ಕೂರಿಸಿ ವಿಷಯ ತಿಳಿಸಿದೆ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯ ಪ್ರತಿ ಹಳೆಯ ಹೆಂಚಿನ ಮನೆಯನ್ನೂ ಬಗ್ಗಿ ಬಗ್ಗಿ ನೋಡಿದೆ. ಇವುಗಳಲ್ಲಿ ಎಷ್ಟು ಮನೆಗಳೊಳಗೆ ನಮ್ಮ ಮುತ್ತಾತ ಗೋಡೆಯ ಮೇಲಿಂದ, ಬೇರೆಬೇರೆ ಮೀಸೆ ಮೂಗುತಿಗಳ ನಡುವಿನಿಂದ, ಆ ಮನೆಯ ಮಕ್ಕಳನ್ನು ಪ್ರೀತಿಯಿಂದ ನೋಡುತ್ತಿದ್ದಾರೋ! ಮಹಾರಾಜರ ಪಟ ತೆಗೆದಿದ್ದರೆ ಅವರ ಕೈಕೆಲಸ ಅರಮನೆಯ ಒಂದೇ ಒಂದು ಗೋಡೆಯ ಮೇಲೆ ಇರುತ್ತಿತ್ತು, ಅಷ್ಟೆ. ನನಗೆ ಆಗ ಆದ ಹೆಮ್ಮೆಯನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿಬಿಟ್ಟೆ.

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಮಹೇಶ ಎದ್ದು ನಿಂತ. ಕುರ್ಚಿಯನ್ನು ಈ ಕ್ಷಣ ಹಿತ್ತಲಿಗೆ ಹಾಕಿಸಬೇಕು, ಮಕ್ಕಳುಮರಿ ಓಡಾಡುವ ಮನೆ ಎಂದ. ಗೌರತ್ತೆ ಗೋಡೆ ಹಿಡಿದುಕೊಂಡು ನಡೆದು ಹೋಗಿ ಗಿಳಿ ಕುರ್ಚಿಯಲ್ಲಿ ಕೂತರು. ಅಲ್ಲಿಗೆ ಆ ಮಾತು ಮುಗಿಯಿತು. ಕೂತು ನನ್ನ ಕಡೆ ಕೈಚಾಚಿದರು. ಅನ್ವರ್ ಭಾಯಿ ದೊಡ್ಡದಾಗಿ ಮಾಡಿಸಿಕೊಟ್ಟಿದ್ದ ಕಾಪಿಯನ್ನು ಕೊಟ್ಟೆ. ಅವರು ಒಂದು ಅಂಗೈಯಿಂದ ರುಮಾಲನ್ನೂ ಇನ್ನೊಂದರಿಂದ ಮೀಸೆಯನ್ನೂ ಮುಚ್ಚಿದರು. ನಡುವೆ ಕಣ್ಣೆರಡೇ ಉಳಿದವು. ಬಹಳ ಹೊತ್ತು ನೋಡಿದರು.

"ಗುರ್ತು ಸಿಕ್ತು ಬುಡು" ಎಂದರು.

ಅಮಾವಾಸ್ಯೆಯ ದಿನ ಸಾಲಿನ ತುದಿಯಲ್ಲಿ ಪಂಚೆಯ ಮೇಲೆ ಆ ಪಟವನ್ನು ಇಡು ಎಂದರು. ಮಹೇಶ ಮತ್ತೆ ಮೆಲ್ಲಗೆ ತಕರಾರು ತೆಗೆದ. ಅವರು ಬೇರೆ ಜನ, ಬೇರೆ ಮನೆಯ ಹಿರಿಯರು, ಅವರನ್ನು ತಂದು ನಮ್ಮವರ ಸಾಲಿನಲ್ಲಿ ಕೂರಿಸಿ ಎಡೆ ಇಟ್ಟರೆ ಹಿರಿಯರು ಏನೆಂದುಕೊಂಡಾರು ಎಂಬುದು ಅವನ ಚಿಂತೆ.

"ಕಣ್ಣು ನಮ್ದು ಕಣೋ, ಮಿಕ್ಕಿದ್ದು ಅವರ್ದು" ಎಂದರು ಗೌರತ್ತೆ. "ಕಣ್ಣಿಗೆ ಮಾತ್ರ ಬಡ್ಸಿ ಬಾಯಿಗೆ ಇಲ್ಲ ಅನ್ನಕ್ಕಾಯ್ತದಾ? ಇನ್ನೊಂದು ಎಲೆ ಆಕು."

ಹಂಗಳಕ್ಕೆ ಫೋನು ಮಾಡಿ, ದೊಡ್ಡಮಾದಪ್ಪನವರಿಗೆ ಏನು ಇಷ್ಟವಿತ್ತು ಎಂದು ಕೇಳಿದೆ. ಚಿಕ್ಕತಾಯಮ್ಮ ಅವರೆಕಾಳಿನ ಸಾರು ಎಂದರು. ಜೊತೆಗೆ ಒಂದು ಚೂರು ಹೊಗೆಸೊಪ್ಪು ಮಡಗುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುನಿಸಿಕೊಳ್ಳುತ್ತಾರೆ ಎಂದರು. ತುದಿಯ ಪಟದ ಮುಂದೆ ಜೋಡಿ ಎಲೆ ಹಾಕಿದೆವು. ನಮ್ಮ ಮುತ್ತಾತನಿಗೆ ಏನು ಇಷ್ಟವಿತ್ತೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಅವರಿಗೆ ಮಾಡಿದ್ದನ್ನೆಲ್ಲ ಬಡಿಸಿದೆವು. ಗೌರತ್ತೆಯ ಕೈ ಈ ಸಲ ಎಲ್ಲಿಯೂ ತಡೆಯಲಿಲ್ಲ. ಹಿರಿಯರು ನಿಶ್ಚಿಂತೆಯಿಂದ ಉಣ್ಣಲಿ ಎಂದು ಎಂದಿನಂತೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಕೂತೆವು.

ಸ್ವಲ್ಪ ಹೊತ್ತಾದ ಮೇಲೆ ಗೌರತ್ತೆ ಎದ್ದು, ಕೆಮ್ಮಿ ಸದ್ದು ಮಾಡಿ, ಬಾಗಿಲನ್ನು ಒಂದಿಷ್ಟು ತೆರೆದರು. ಒಳಗೆ ದೀಪ ಉರಿಯುತ್ತಿತ್ತು. ಅವರು ಹೊಸ್ತಿಲಿನಲ್ಲೇ ನಿಂತು, ಸಾಲಿನ ತುದಿಯ ಆ ಒಂದು ಪಟದ ಕಡೆ ಬಗ್ಗಿ, ಮನೆಗೆ ಬಂದ ನೆಂಟರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು:

"ಇಬ್ರೂ ಉಂಡ್ರಾ ತಾತ?"